ನೀರಂಚಿನ ಕಡ್ಡಿ

"ಪಾದ ನೆನೀಲಿ ಕಣಪ್ಪ, ಬ್ಯಾಡ ಅನ್ನಲ್ಲ. ಮೊಣ್ಕಾಲು ಮಾತ್ರ ನೆನೀಬಾರ್ದು."

ಹಿಂದೂಪುರದ ತಮ್ಮ ಮನೆಯ ಜಗಲಿಯ ಮೇಲೆ ನಿಂತು ಸರ್ವಮಂಗಳಮ್ಮ ಹೀಗೆಂದಾಗ ಡ್ರೈವರ್ ಚೌಡಣ್ಣ ಲಾರಿಯ ಬಾಗಿಲಿಗೆ ಕೈ ಹಾಕಿ ನಿಂತಿದ್ದ. ಆಕೆಯ ಗಂಡ ಲಿಂಗಣ್ಣ, ಊರಿನ ಹುಣಸೆಹಣ್ಣಿನ ವ್ಯಾಪಾರಿ, ಆಗಲೇ ಡ್ರೈವರ್ ಪಕ್ಕದ ಸೀಟಿನಲ್ಲಿ ಊರುಗೋಲನ್ನು ತೊಡೆಯ ಮೇಲಿಟ್ಟುಕೊಂಡು, ದಿಬ್ಬಣಕ್ಕೆ ಹೊರಟವನಂತೆ ಕೂತಿದ್ದ. ಸುನಾಮಿ ಬಂದು ಒಂದು ವರ್ಷದ ಮೇಲೆ ಎರಡು ತಿಂಗಳಾಗಿತ್ತು. ಆಗ ಟಿ.ವಿ.ಯಲ್ಲಿ ಆ ನೀರನ್ನು ನೋಡಿದ ಮೇಲೆ ಸರ್ವಮಂಗಳಮ್ಮನಿಗೆ ಸಮುದ್ರವೆಂದರೆ ಅದೇ ಚಿತ್ರ. ಗಂಡ ನೆಲ್ಲೂರಿನ ಕಡೆ ಹೋಗಿ ಸಮುದ್ರ ನೋಡಿಕೊಂಡು ಬರುತ್ತೇನೆ ಅಂದಾಗಿನಿಂದ ಆಕೆ ಸರಿಯಾಗಿ ಊಟ ಮಾಡಿರಲಿಲ್ಲ.

"ನನ್ ಮ್ಯಾಲೆ ಬುಟ್ಬುಡಿ ಅಮ್ಮ," ಅಂದ ಚೌಡಣ್ಣ. "ಹೆಂಗೆ ಕರ್ಕೊಂಡು ಹೋಯ್ತೀನೋ ಹಂಗೇ ಕರ್ಕೊಂಡು ಬತ್ತೀನಿ."

ಅಂದದ್ದೇನೋ ಅಂದ. ಅಂದವನೇ ಆಕೆಯ ಮುಖ ನೋಡದೆ ಲಾರಿ ಹತ್ತಿದ. ಏಕೆಂದರೆ ಅವರು ಹೊರಟಿದ್ದು ಬರೀ ಸಮುದ್ರ ನೋಡುವುದಕ್ಕಲ್ಲ. ಮೀನು ಹಿಡಿಯುವುದಕ್ಕೆ. ಶಿವಪೂಜೆ ಆಗದೆ ಹನಿ ನೀರು ಬಾಯಿಗೆ ಹಾಕದ ಮನೆತನದ ಲಿಂಗಣ್ಣ ಗಾಳದ ಕೋಲು ಹಿಡಿಯುವುದಕ್ಕೆ ಹೊರಟಿದ್ದಾನೆಂದು ಆ ತಾಯಿಗೆ ಯಾರು ಹೇಳಬೇಕು?

ಚೌಡಣ್ಣನ ಸ್ವಭಾವ ತಿಳಿದರೆ ಈ ಸಂಕಟ ಎಷ್ಟೆಂದು ತಿಳಿಯುತ್ತದೆ. ಇಪ್ಪತ್ತೆರಡು ವರ್ಷ ಲಿಂಗಣ್ಣನ ಲಾರಿ ಓಡಿಸಿ ಒಂದು ಕೋಳಿಯನ್ನೂ ಕೊಂದವನಲ್ಲ. ಹೊರಡುವ ಮುಂಚೆ ಆರು ಟೈರಿಗೂ ರಾಡಿನಿಂದ ಬಡಿದು ಸದ್ದು ಕೇಳುತ್ತಾನೆ, ಮತ್ತೆ ಹೊಗೆಸೊಪ್ಪು ಹಾಕಿಕೊಳ್ಳುವ ನೆವದಲ್ಲಿ ಇಳಿದು ಇನ್ನೊಂದು ಸುತ್ತು ಬಡಿಯುತ್ತಾನೆ. ಚೆಕ್‌ಪೋಸ್ಟ್ ಇನ್ನೂ ಮೈಲಿ ದೂರವಿರುವಾಗಲೇ ಕಾಗದಪತ್ರ ಜೇಬಿನಲ್ಲಿದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಾನೆ. ಕೊಡಿಕೊಂಡದ ಚೆಕ್‌ಪೋಸ್ಟ್ ಹತ್ತಿರ ಅವನ ಹೆಂಡತಿ ರಾಮಾಂಜಿನಮ್ಮನದೊಂದು ಟೀ ಅಂಗಡಿ. "ನಮ್ಮೋರು ಮಲಗಿದ್ರೂ ಬ್ರೇಕ್ ಮ್ಯಾಲೆ ಕಾಲಿಟ್ಕೊಂಡೇ ಮಲಗ್ತಾರೆ," ಎಂದು ಆಕೆ ಬಂದ ಡ್ರೈವರ್‌ಗಳಿಗೆಲ್ಲ ಹೇಳಿ ನಗಿಸುತ್ತಾಳೆ. ಲಾರಿಗೆ ಎಲ್ಲಾದರೂ ಗೀರು ಬಿದ್ದರೆ ಮುಚ್ಚಿಡುವುದು ಅವನ ಕೈಲಾಗುವುದಿಲ್ಲ. ಲಿಂಗಣ್ಣ ಕೇಳುವ ಮೊದಲೇ ಹೋಗಿ, ಇಲ್ಲಿ ನೋಡು, ರೊದ್ದಂ ತಿರುವಿನಲ್ಲಿ ಆಯಿತು, ನನ್ನದೇ ತಪ್ಪು ಎಂದು ಒಪ್ಪಿಸಿಬಿಟ್ಟರೇನೇ ಅವನಿಗೆ ಅನ್ನ ಇಳಿಯುವುದು.

ಇಬ್ಬರ ಸ್ನೇಹ ಲಾರಿಗಿಂತ ಹಳೆಯದು. ಚೌಡಣ್ಣ ಹುಟ್ಟಿದ್ದು ಬ್ರಹ್ಮಸಮುದ್ರದ ಪಕ್ಕದ ಹಳ್ಳಿಯಲ್ಲಿ. ಆ ಊರಿನ ಹೆಸರಿನಲ್ಲಿ ಸಮುದ್ರವಿದೆ, ಕುಡಿಯುವ ನೀರಿಗೆ ಬೋರ್‌ವೆಲ್ ಮುಂದೆ ಬಿಂದಿಗೆಯ ಸಾಲು. ಆದರೂ ಊರ ಮುಂದೆ ಒಂದು ಕೆರೆಯಿತ್ತು, ಮಳೆ ಚೆನ್ನಾಗಿ ಬಿದ್ದ ವರ್ಷ ಅದರಲ್ಲಿ ಮೀನಿರುತ್ತಿತ್ತು. ಆಗ ಲಿಂಗಣ್ಣನ ಅಪ್ಪನ ಅಂಗಡಿ ಕಲ್ಯಾಣದುರ್ಗದಲ್ಲಿತ್ತು. ಹುಣಸೆಮರಗಳ ಗುತ್ತಿಗೆಗೆಂದು ಅವರು ಹಳ್ಳಿಗೆ ಬಂದಾಗ ಮಗನನ್ನು ಕೆರೆ ಏರಿಯ ಮೇಲೆ ಬಿಟ್ಟು ಹೋಗುತ್ತಿದ್ದರು. ಅಲ್ಲಿ ಚೌಡಣ್ಣ ಗಾಳ ಹಾಕಿಕೊಂಡು ಕೂತಿರುತ್ತಿದ್ದ. ಲಿಂಗಣ್ಣ ಮೀನು ಮುಟ್ಟುವುದಿಲ್ಲ, ಎರೆಹುಳ ಮುಟ್ಟುವುದಿಲ್ಲ. ಕೋಲು ಮಾತ್ರ ಹಿಡಿಯುತ್ತಾನೆ. ಕೆಳಗಿನಿಂದ ಜೀವವೊಂದು ಜಗ್ಗುವ ಆ ಎಳೆತಕ್ಕೆ ಅವನು ಮರುಳಾಗಿದ್ದ. ಇಬ್ಬರೂ ಸೇರಿ ಒಂದು ಕರಾರು ಮಾಡಿಕೊಂಡರು: ಸಿಕ್ಕ ಮೂರು ಮೀನಿನಲ್ಲಿ ಎರಡು ಚೌಡಣ್ಣನಿಗೆ, ಒಂದು ಲಿಂಗಣ್ಣನ ಪಾಲು. ಆ ಪಾಲು ಮತ್ತೆ ನೀರಿಗೆ. ಐದು ವರ್ಷ ನಡೆದ ಈ ವ್ಯವಹಾರ ಎರಡು ಮನೆಯಲ್ಲೂ ಯಾರಿಗೂ ತಿಳಿಯಲಿಲ್ಲ.

ಈಗ ಲಿಂಗಣ್ಣನಿಗೆ ಐವತ್ತೆಂಟು. ಎಡಗಾಲ ಮೊಣಕಾಲಿಗೆ ಆಪರೇಷನ್ ಆಗಿ ಕಾಲು ಪೂರ್ತಿ ಮಡಚುವುದಿಲ್ಲ. ಆ ಆಪರೇಷನ್ ದಿನದ ಮಾತೊಂದು ಹೇಳಲೇಬೇಕು. ಮೈಮೇಲಿನ ಲೋಹವೆಲ್ಲ ತೆಗೆಯಿರಿ ಎಂದು ನರ್ಸ್ ಅಂದಾಗ ಲಿಂಗಣ್ಣ ಕತ್ತಿನಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಮಂಚದಿಂದ ಇಳಿದೇಬಿಟ್ಟಿದ್ದ. ಇದು ಮೈಯಿಂದ ದೂರವಾದ ದಿನ ನಾನೂ ಇಲ್ಲ, ಕಾಲು ಹೋದರೆ ಹೋಗಲಿ ಎಂದು ಹಟ. ಕಡೆಗೆ ಡಾಕ್ಟರೇ ಸೋತು, ಕರಡಿಗೆ ಬಿಟ್ಟು ಒಳಗಿನ ಲಿಂಗವನ್ನು ಅಂಗೈಗೆ ಬ್ಯಾಂಡೇಜ್ ಸುತ್ತಿ ಕಟ್ಟಿಸಿದರು. ಚೌಡಣ್ಣ ಹೊರಗೆ ಬೆಂಚಿನ ಮೇಲೆ ಕೂತು ಇದನ್ನೆಲ್ಲ ಕೇಳಿಸಿಕೊಂಡಿದ್ದ. ಅವನಂತೂ ಜನ್ಮದಲ್ಲಿ ಅದನ್ನು ಮುಟ್ಟಿದವನಲ್ಲ. ಲಿಂಗಣ್ಣ ದಾರಿಯಲ್ಲಿ ಪಂಪಿನ ಕೆಳಗೆ ಸ್ನಾನಕ್ಕೆ ನಿಂತರೆ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದ. ಲಿಂಗಣ್ಣನ ಚೊಂಬಿನಲ್ಲಿ ನೀರು ಕುಡಿದರೂ ತುಟಿಗೆ ತಾಗಿಸದೆ, ಎತ್ತಿ ಹಿಡಿದೇ ಕುಡಿಯುವವನು. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ, ಬೇಡ ಎಂದೂ ಯಾರೂ ಹೇಳಿರಲಿಲ್ಲ.

ಹೀಗೆ ಹುಣಸೆಹಣ್ಣಿನ ಲೋಡು ನೆಲ್ಲೂರಿನ ಗೋಡೌನಿನಲ್ಲಿ ಇಳಿಸಿ, ಮರುದಿನ ಬೆಳಗಿನ ಜಾವ ಇಬ್ಬರೂ ಕಡಲ ದಂಡೆಯ ಒಂದು ಸಣ್ಣ ಹಳ್ಳಿಗೆ ಬಂದರು. ಅಲ್ಲಿ ಪಾಪಯ್ಯನೆಂಬ ಮೀನುಗಾರ ಚೌಡಣ್ಣನಿಗೆ ಪರಿಚಯ. ಪಾಪಯ್ಯನ ಹೆಂಡತಿ ಮಾಡಿದ ಬಿಸಿ ಅನ್ನ, ಮೀನಿನ ಹುಳಿಸಾರಾದ ಪುಲುಸನ್ನು ಚೌಡಣ್ಣ ಬೆವರು ಒರೆಸಿಕೊಳ್ಳುತ್ತ ಉಂಡ. ಲಿಂಗಣ್ಣ ಹತ್ತು ಮಾರು ದೂರದಲ್ಲಿ ಬೇಲಿಯ ಹತ್ತಿರ ಕೂತು, ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು, "ನಿಧಾನಕ್ಕೆ ಉಣ್ಣಪ್ಪ, ಮುಳ್ಳು ಸಿಕ್ಕಂಡಾತು," ಎಂದು ರೇಗಿಸುತ್ತಿದ್ದ. ಪಾಪಯ್ಯ ಒಂದು ಕೋಲು, ದಾರ, ಒಂದು ಹಿಡಿ ಸಿಗಡಿ ಕೊಟ್ಟು, ಊರಿನಿಂದ ಆಚೆ ಸಮುದ್ರದ ನೀರು ಒಳನುಗ್ಗುವ ಕಾಲುವೆಯನ್ನು ತೋರಿಸಿ, ತನ್ನ ಬುಟ್ಟಿಗಳನ್ನು ಆಟೋಗೆ ಹೇರಿಕೊಂಡು ಮಾರ್ಕೆಟ್ಟಿಗೆ ಹೊರಟುಹೋದ. ಅಲ್ಲಿನ ನೀರಿನ ಬಗ್ಗೆ ಅವನು ಏನೂ ಹೇಳಲಿಲ್ಲ. ಹೇಳಬೇಕೆಂದು ಅವನಿಗೆ ಹೊಳೆಯಲೂ ಇಲ್ಲ. ಅಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತಿರುವ ಸಂಗತಿಯನ್ನು ಐವತ್ತು ದಾಟಿದ ಗಂಡಸಿಗೆ ಯಾರು ಹೇಳಲು ಹೋಗುತ್ತಾರೆ?

ಕಾಲುವೆ ದಂಡೆಗೆ ಬಂದ ಕೂಡಲೇ ಚೌಡಣ್ಣ ಮಾಡಿದ ಮೊದಲ ಕೆಲಸ ನೀರಂಚಿನಲ್ಲಿ ಒಂದು ಕಡ್ಡಿ ನೆಟ್ಟದ್ದು. ಕೆರೆಯಲ್ಲಿ ಗಾಳ ಹಾಕುವವರೆಲ್ಲ ಮಾಡುವುದೇ ಹಾಗೆ. ತೂಬು ಎತ್ತಿದ್ದಾರೋ ಇಲ್ಲವೋ ಎಂದು ಏರಿಯ ತುದಿಯವರೆಗೆ ಹೋಗಿ ನೋಡಬೇಕಾಗಿಲ್ಲ. ನೀರು ಕಡ್ಡಿ ಬಿಟ್ಟು ಹಿಂದೆ ಸರಿದರೆ ತೂಬು ಎತ್ತಿದ್ದಾರೆ, ಆ ದಿನವಿಡೀ ನೀರು ಇಳಿಯುತ್ತದೆ. ಸರಿಯದಿದ್ದರೆ ನಿಂತ ನೀರು. ಕೆರೆಯ ನೀರು ಇಳಿಯಬಹುದು, ಇಲ್ಲವೇ ನಿಲ್ಲಬಹುದು. ಮಳೆಯಿಲ್ಲದ ಬಿಸಿಲಲ್ಲಿ ಏರುವ ನೀರನ್ನು ಅವನ ಕಣ್ಣು ಕಂಡಿರಲಿಲ್ಲ.

ಅರ್ಧ ಗಂಟೆಯಾದ ಮೇಲೆ ನೋಡಿದರೆ ನೀರು ಕಡ್ಡಿಯಿಂದ ಒಂದು ಗೇಣು ಹಿಂದೆ ಸರಿದಿತ್ತು. ಸರ್ವಮಂಗಳಮ್ಮನ ಮಾತು ಕೇಳಿದಂದಿನಿಂದ ಮೊದಲ ಬಾರಿಗೆ ಚೌಡಣ್ಣನಿಗೆ ನಿರಾಳವಾಯಿತು. "ನೀರು ಇಳೀತೈತೆ ಲಿಂಗಣ್ಣ. ಇವತ್ತೇನೂ ಯೋಚ್ನೆ ಇಲ್ಲ," ಅಂದ.

ಕಾಲುವೆಯ ನಡುವೆ ಹದಿನೈದು ಮಾರು ಆಚೆ ಒಂದು ಮರಳು ದಿಬ್ಬವಿತ್ತು. ದಿಬ್ಬದ ಆಚೆ ಬದಿಯಲ್ಲಿ ನೀರು ಆಳವಾಗಿದ್ದರಿಂದ ಮೀನು ಅಲ್ಲೇ ಎಂದು ಚೌಡಣ್ಣನಿಗೆ ಅನ್ನಿಸಿತು. ನಡುವಿನ ನೀರು ಹಿಮ್ಮಡಿ ಮುಳುಗುವಷ್ಟು. ತಾನು ಮೊದಲು ಹೋಗಿ ಬಂದು ನೋಡಿದ, ಎರಡನೆಯ ಸಲ ಊರುಗೋಲು ಚುಚ್ಚಿ ನೋಡಿದ, ಆಮೇಲೆ ಲಿಂಗಣ್ಣನನ್ನು ತೋಳು ಹಿಡಿದು ದಾಟಿಸಿದ. ಪಾದ ನೆನೆಯಿತು, ಅಷ್ಟೇ. ಮಡಚುವ ಸ್ಟೂಲು ಹಾಕಿ ಕೂರಿಸಿ, ತಲೆಗೆ ಟವೆಲ್ ಸುತ್ತಿ, ಗಾಳಕ್ಕೆ ಸಿಗಡಿ ಚುಚ್ಚಿ, ಕೋಲನ್ನು ಕೈಗೆ ಕೊಟ್ಟ.

ಆಮೇಲಿನ ಎರಡು ಗಂಟೆಯನ್ನು ಲಿಂಗಣ್ಣ ಸಾಯುವ ತನಕ ಮರೆಯಲಾರ. ಮೊದಲ ಎಳೆತಕ್ಕೇ ಅವನ ಮುಖ ಹನ್ನೆರಡು ವರ್ಷದ ಹುಡುಗನದಾಯಿತು. "ಇದು ಕೆರೆ ಮೀನಲ್ಲ ಕಣ್ಲಾ ಚೌಡ, ಕೈಯೇ ಕಿತ್ಕೊಂಡು ಹೋಯ್ತೈತೆ," ಎಂದು ನಕ್ಕ. ಮೀನು ಮೇಲೆ ಬಂದಾಗ ಮುಖ ಹೊರಳಿಸಿಕೊಂಡ. ಚೌಡಣ್ಣ ಅದನ್ನು ಬಿಡಿಸಿದ. ಮೂರನೆಯದನ್ನು ಹಳೆಯ ಕರಾರಿನಂತೆ ನೀರಿಗೆ ಬಿಟ್ಟಾಗ ಲಿಂಗಣ್ಣ ಕತ್ತು ನೀಡಿ, ಅದು ಹೋದದ್ದನ್ನು ನೋಡಿಯೇ ತಿರುಗಿದ.

ಬಿಸಿಲು ಏರಿತು. ಲಿಂಗಣ್ಣ ಪೂಜೆ ಮಾಡದೆ ಏನೂ ತಿನ್ನುವಂತಿಲ್ಲ, ತಿನ್ನದೆ ಬಿ.ಪಿ. ಮಾತ್ರೆ ನುಂಗುವಂತಿಲ್ಲ. ಪೂಜೆಗೆ ಸಿಹಿನೀರು ಬೇಕು. ಹಿಂದೂಪುರದಿಂದ ತಂದ ಕ್ಯಾನಿನ ನೀರನ್ನು ದಾರಿಯಲ್ಲಿ ರೇಡಿಯೇಟರಿಗೆ ಸುರಿದದ್ದು ಬೇರೆ ಯಾರೂ ಅಲ್ಲ, ಇದೇ ಚೌಡಣ್ಣ. ತನ್ನ ತಲೆಗೆ ತಾನೇ ಹೊಡೆದುಕೊಂಡು, ಖಾಲಿ ಕ್ಯಾನ್ ಎತ್ತಿಕೊಂಡ.

"ಊರ ಪಂಪ್ ತಾವ ಹೋಗಿ ಬತ್ತೀನಿ. ನಾನು ಬರೋಗಂಟ ಇಲ್ಲಿಂದ ಅಲ್ಲಾಡಬ್ಯಾಡ. ಒಬ್ಬನೇ ದಾಟೋಕೆ ಹೋಗಿ ಜಾರ್ಗೀರಿ ಬಿದ್ದೀಯ. ಕೇಳುಸ್ತಾ?"

"ಕೇಳುಸ್ತು ಹೋಗಪ್ಪ. ನೀನು ನಮ್ಮನೇಳಿಗಿಂತ ಕಡೆ," ಅಂದ ಲಿಂಗಣ್ಣ, ಕಣ್ಣನ್ನು ದಾರದಿಂದ ತೆಗೆಯದೆ.

ಚೌಡಣ್ಣ ದಂಡೆಗೆ ದಾಟಿದಾಗ ನಡುವಿನ ನೀರು ಇನ್ನೂ ಪಾದದಷ್ಟೇ ಇತ್ತು. ಪಂಪು ಒಂದೂವರೆ ಕಿಲೋಮೀಟರು. ಅಲ್ಲಿ ಹದಿನೈದು ಬಿಂದಿಗೆ ಮುಂದಿದ್ದವು. ಚೌಡಣ್ಣ ಸಾಲಿನಲ್ಲಿ ಕ್ಯಾನ್ ಇಟ್ಟು ನೆರಳಿಗೆ ನಿಂತ. ಕಡೆಗೆ ತನ್ನ ಸರದಿ ಬಂದು, ಕ್ಯಾನ್ ತುಂಬಿ, ಮುಚ್ಚಳ ತಿರುಗಿಸುವಾಗ ಅವನ ಕಣ್ಣು ಊರ ಹಿಂದಿನ ದಂಡೆಗೆ ಬಿತ್ತು. ಬೆಳಿಗ್ಗೆ ಅಲ್ಲಿ ಐದು ದೋಣಿ ಕೆಸರಿನಲ್ಲಿ ಒಂದೊಂದು ಪಕ್ಕಕ್ಕೆ ವಾಲಿ ಮಲಗಿದ್ದವು. ಈಗ ಐದೂ ನೆಟ್ಟಗೆ ನಿಂತು ತೂಗಾಡುತ್ತಿದ್ದವು.

ಅವನು ಎರಡು ಸಲ ನೋಡಿದ. ಅವನ ತಲೆ ಅದನ್ನು ಒಪ್ಪಲಿಲ್ಲ. ಕೆಸರಿದ್ದ ಕಡೆ ನೀರಿತ್ತು.

"ಆ ನೀಳ್ಳು ಎಕ್ಕಡ ನುಂಚಿ ವಚ್ಚಾಯಮ್ಮಾ?" ಎಂದು ಪಕ್ಕದಲ್ಲಿದ್ದ ಗಂಗುಲಮ್ಮನೆಂಬ ಮುದುಕಿಯನ್ನು ಕೇಳಿದ. ಆ ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆಯೇ ಆ ಮುದುಕಿಗೆ ವಿಚಿತ್ರವಾಗಿ ಕಂಡಿತು. "ಸಮುದ್ರಂ ನುಂಚಿ. ಇಂಕೆಕ್ಕಡ ನುಂಚಿ?" ಅಂದಳು, ಸಮುದ್ರದಿಂದಲ್ಲದೆ ಇನ್ನೆಲ್ಲಿಂದ ಎಂಬಂತೆ. ದಿನಕ್ಕೆ ಎರಡು ಸಲ ಬರುತ್ತದೆ, ಎರಡು ಸಲ ಹೋಗುತ್ತದೆ, ಇನ್ನೂ ಎರಡು ಗಂಟೆ ಏರುತ್ತದೆ ಎಂದು ತೆಲುಗಿನಲ್ಲಿ ವಿವರಿಸಿದಳು. ಕಾಲುವೆಯ ದಿಬ್ಬ? ಅದು ಮುಳುಗಿಹೋಗುತ್ತದೆ, ಅಲ್ಲಿ ಯಾರು ಹೋಗುತ್ತಾರೆ?

ಚೌಡಣ್ಣ ಓಡಿದ. ಕ್ಯಾನನ್ನು ಅಲ್ಲೇ ಬಿಡಬೇಕೆಂದು ಹೊಳೆಯದೆ ಎದೆಗೆ ಅವುಚಿಕೊಂಡೇ ಓಡಿದ. ಹಿಂದಿನಿಂದ ಗಂಗುಲಮ್ಮ ಯಾರನ್ನೋ ಕೂಗಿ ಕರೆಯುತ್ತಿದ್ದದ್ದು ಕೇಳಿಸಿತು. ಐವತ್ತೇಳರ ಮೈ, ಬಿಸಿ ಮರಳು, ಚಪ್ಪಲಿ ಎಲ್ಲಿ ಕಳಚಿತೋ ಗೊತ್ತಿಲ್ಲ. ಅಲ್ಲಾಡಬೇಡ ಎಂದವನು ನಾನೇ, ಅಲ್ಲಾಡಬೇಡ ಎಂದವನು ನಾನೇ ಎಂದು ಉಸಿರುಸಿರಿಗೂ ಒಳಗೆ ಬಡಿಯುತ್ತಿತ್ತು. ಮೊಣಕಾಲು ನೆನೆಯಬಾರದು ಎಂದಿದ್ದರು ಆ ತಾಯಿ. ಆಕೆಯ ಮುಂದೆ ಹೋಗಿ ನಿಲ್ಲುವುದು ಹೇಗೆ, ಯಾವ ಬಾಯಲ್ಲಿ ಹೇಳುವುದು? ಹೇಳುವುದಕ್ಕಿಂತ ತಾನೂ ಅಲ್ಲೇ ಉಳಿಯುವುದು ವಾಸಿ ಅನ್ನಿಸಿತು.

ದಂಡೆಗೆ ಬಂದಾಗ ಕಡ್ಡಿ ಕಾಣಲಿಲ್ಲ. ದಿಬ್ಬವೂ ಕಾಣಲಿಲ್ಲ. ಅಗಲವಾದ ನೀರಿನ ನಡುವೆ ಲಿಂಗಣ್ಣ ನಿಂತಿದ್ದ. ಸ್ಟೂಲು ತೇಲಿಹೋಗಿತ್ತು. ಒಂದು ಕೈಯಲ್ಲಿ ಊರುಗೋಲು ಊರಿ, ಇನ್ನೊಂದರಲ್ಲಿ ಪಾಪಯ್ಯನ ಗಾಳದ ಕೋಲನ್ನು ಹಿಡಿದೇ ಇದ್ದ. ನೀರು ಮೊಣಕಾಲು ದಾಟಿತ್ತು.

ಕ್ಯಾನನ್ನು ದಂಡೆಯ ಮೇಲೆಸೆದು, ಅಂಗಿ ಕಿತ್ತೆಸೆದು ಚೌಡಣ್ಣ ನೀರಿಗೆ ಬಿದ್ದ. ಬಾವಿಯಲ್ಲಿ ಕಲಿತ ಈಜು ಅವನದು. ಬಾವಿಯ ನೀರು ಎಲ್ಲಿಗೂ ಎಳೆಯುವುದಿಲ್ಲ. ಈ ನೀರು ಪಕ್ಕಕ್ಕೆ ತಳ್ಳುತ್ತಿತ್ತು. ಉಪ್ಪು ಕಣ್ಣಿಗೆ ಹೋಗಿ ಉರಿಯಿತು. ಸೆಳವಿಗೆ ಸಿಕ್ಕಿ ಹತ್ತು ಮಾರು ದೂರ ಕೊಚ್ಚಿಹೋಗಿ, ದಿಬ್ಬದ ಬಾಲಕ್ಕೆ ಕಾಲು ತಗುಲಿ, ಅಲ್ಲಿಂದ ನಡೆದು ಬಂದ. ಅಷ್ಟರಲ್ಲಿ ಲಿಂಗಣ್ಣನ ತೊಡೆಯವರೆಗೆ ನೀರಿತ್ತು, ತುಟಿಯಲ್ಲಿ ಬಣ್ಣವಿರಲಿಲ್ಲ.

"ಕೂಗಿ ಕೂಗಿ ಗಂಟ್ಲು ಬಿದ್ದೋಯ್ತು ಕಣ್ಲಾ," ಅಂದ ಲಿಂಗಣ್ಣ. "ಮೊದ್ಲು ಪಾದದ ಮಟ್ಟ ಇದ್ದಾಗ್ಲೇ ದಾಟಬೋದಿತ್ತು. ನೀನು ಅಲ್ಲಾಡಬ್ಯಾಡ ಅಂದಿದ್ದೆ."

ಈ ಮಾತು ಚೌಡಣ್ಣನ ಎದೆಗೆ ಚುಚ್ಚಿದಷ್ಟು ಬೇರೆ ಯಾವ ಬೈಗುಳವೂ ಚುಚ್ಚುತ್ತಿರಲಿಲ್ಲ. ಲಿಂಗಣ್ಣನ ತೋಳು ಹಿಡಿದ.

"ಹೋಗಿ ದೋಣಿ ತಕ್ಕಂಡ್ಬಾ. ನಾನು ನಿಂತಿರ್ತೀನಿ."

"ದೋಣಿ ಬರೋ ಹೊತ್ಗೆ ಈ ಸೆಳವಲ್ಲಿ ಒಂದೇ ಕಾಲಲ್ಲಿ ಎಷ್ಟೊತ್ತು ನಿಂತಿರ್ತೀಯ? ಕೋಲು ಬುಟ್ಬುಡು. ಅಂಗಾತ ಬಿದ್ಕ. ಮೈ ಬುಡು. ನನ್ನ ಹಿಡ್ಕಬ್ಯಾಡ, ನಾನೇ ನಿನ್ನ ಹಿಡ್ಕಂತೀನಿ."

ಲಿಂಗಣ್ಣ ಜೀವಮಾನದಲ್ಲಿ ಬಾವಿಗೆ ಇಳಿದವನಲ್ಲ. ಆದರೂ ಹೇಳಿದಂತೆ ಮಾಡಿದ. ಚೌಡಣ್ಣ ಎಡತೋಳನ್ನು ಅವನ ಕಂಕುಳಿಗೆ ಹಾಕಿ, ಬಲಗೈಯಿಂದ ನೀರು ಬಗೆಯುತ್ತ ಹೊರಟ. ಅರ್ಧ ದಾರಿ ಸರಿಯಾಗಿಯೇ ಬಂದರು. ನಡುವೆ ಒಂದು ಅಲೆ ಲಿಂಗಣ್ಣನ ಮುಖದ ಮೇಲೆ ಹಾಯ್ದು ಹೋಯಿತು. ಅಷ್ಟೇ. ಅವನಿಗೆ ಬುದ್ಧಿ ಕೈಕೊಟ್ಟಿತು. ಹೊರಳಿ, ಎರಡು ಕೈಯಿಂದ ಚೌಡಣ್ಣನ ಕುತ್ತಿಗೆ ತಬ್ಬಿದ. ಇಬ್ಬರೂ ಮುಳುಗಿದರು.

ಕೆಳಗೆ ಮಬ್ಬು ನೀರಿನಲ್ಲಿ ಚೌಡಣ್ಣ ಆ ಕೈ ಬಿಡಿಸಲು ಒದ್ದಾಡಿದ. ಸಿಕ್ಕಿದ್ದನ್ನು ಹಿಡಿದು ಜಗ್ಗಿದ. ಏನೋ ಪಟ್ಟೆಂದು ಹರಿಯಿತು. ಲಿಂಗಣ್ಣನ ಹಿಡಿತ ಸಡಿಲಿತು. ಮೇಲೆ ಬಂದು ಉಸಿರು ತೆಗೆದುಕೊಂಡಾಗ ಚೌಡಣ್ಣನಿಗೆ ತನ್ನ ಬಲಮುಷ್ಟಿಯಲ್ಲಿ ಏನಿದೆ ಎಂದು ತಿಳಿಯಿತು. ಹರಿದ ಶಿವದಾರ, ಅದರ ತುದಿಗೆ ಬೆಳ್ಳಿಯ ಕರಡಿಗೆ.

ಎಡತೋಳಿನಲ್ಲಿ ಲಿಂಗಣ್ಣ. ಬಲಮುಷ್ಟಿಯಲ್ಲಿ ಅದು. ಮುಷ್ಟಿ ಬಿಚ್ಚದೆ ಈಜಲಾಗದು, ಬಿಚ್ಚಿದರೆ ಅದು ತಳಕ್ಕೆ. ಇದಿಲ್ಲದೆ ಲಿಂಗಣ್ಣನನ್ನು ದಂಡೆಗೆ ಸೇರಿಸಿ ಏನು ಪ್ರಯೋಜನ? ಬನಿಯನ್ನಿಗೆ ಜೇಬಿಲ್ಲ. ಪಂಚೆ ಎಲ್ಲೋ ಬಿಚ್ಚಿಹೋಗಿತ್ತು. ಚೌಡಣ್ಣ ಯೋಚಿಸಲಿಲ್ಲ. ಯೋಚಿಸುವಷ್ಟು ಹೊತ್ತಿರಲಿಲ್ಲ. ಕರಡಿಗೆಯನ್ನು ಬಾಯಿಗೆ ತುರುಕಿ ಹಲ್ಲು ಕಚ್ಚಿದ.

ಆಮೇಲೆ ಮೂಗಿನಲ್ಲೇ ಉಸಿರು. ಮೂಗಿಗೆ ನೀರು. ಎಷ್ಟು ಕೈ ಹಾಕಿದನೋ, ಯಾವಾಗ ಕಾಲಿಗೆ ಮರಳು ತಗುಲಿತೋ ಅವನಿಗೆ ನೆನಪಿಲ್ಲ. ಲಿಂಗಣ್ಣನ ಕಂಕುಳಿಗೆ ಕೈಹಾಕಿ ಒಣ ಮರಳಿನವರೆಗೆ ಎಳೆದು, ಬೋರಲು ಮಲಗಿಸಿ ಬೆನ್ನು ಒತ್ತಿದ. ಲಿಂಗಣ್ಣ ಕೆಮ್ಮಿದ, ಕಕ್ಕಿದ, ಮತ್ತೆ ಕೆಮ್ಮಿದ. ಜೀವ ಇತ್ತು. ಚೌಡಣ್ಣ ಪಕ್ಕದಲ್ಲಿ ಕುಸಿದು ಕೂತ. ಅವನ ದವಡೆ ಬಿಗಿದುಕೊಂಡು ಬಿಚ್ಚಲೇ ಒಲ್ಲದು.

ಲಿಂಗಣ್ಣ ಎದ್ದು ಕೂತು ಮಾಡಿದ ಮೊದಲ ಕೆಲಸ ಎದೆ ಮುಟ್ಟಿಕೊಂಡದ್ದು. ಅಲ್ಲಿ ಏನೂ ಇರಲಿಲ್ಲ. ಕತ್ತು ಮುಟ್ಟಿಕೊಂಡ, ಅಂಗಿಯೊಳಗೆ ಕೈ ಹಾಕಿದ, ಮರಳಿನ ಮೇಲೆ ಕೈಯಾಡಿಸಿದ. ಆಮೇಲೆ ನೀರಿನ ಕಡೆ ತಿರುಗಿ ನೋಡತೊಡಗಿದ.

"ಹೋಯ್ತು ಕಣ್ಲಾ," ಅಂದ. "ನನ್ನ ಯಾಕೆ ಎಳ್ಕೊಂಡು ಬಂದೆ?"

ಲಿಂಗಣ್ಣನ ಬೆನ್ನು ಚೌಡಣ್ಣನ ಕಡೆಗಿತ್ತು. ಆ ಒಂದು ಗಳಿಗೆಯಲ್ಲಿ ಚೌಡಣ್ಣನ ತಲೆಗೆ ಬಂದದ್ದನ್ನು ಮುಚ್ಚಿಡಬೇಕಾಗಿಲ್ಲ. ಮೆಲ್ಲಗೆ ಬಾಯಿಂದ ತೆಗೆದು, ಮರಳಿನಲ್ಲಿ ಹೊರಳಿಸಿ, ಇಕೋ ಇಲ್ಲಿ ಬಿದ್ದಿದೆ ನೋಡು ಎಂದರೆ ಮುಗಿಯಿತು. ಯಾರಿಗೂ ನೋವಿಲ್ಲ. ಬೆಳಿಗ್ಗೆ ಪುಲುಸು ಉಂಡ ಬಾಯಿ ಇದು. ಈ ಬಾಯಲ್ಲಿ ಇದ್ದದ್ದು ಎಂದು ತಿಳಿದರೆ ಅವನು ಮತ್ತೆ ಅದನ್ನು ಕೊರಳಿಗೆ ಹಾಕಿಕೊಳ್ಳುತ್ತಾನೋ ಇಲ್ಲವೋ. ನಲವತ್ತೈದು ವರ್ಷದ ಸ್ನೇಹ ಇಲ್ಲಿಗೆ ಮುಗಿಯುತ್ತದೋ ಏನೋ. ಕೈ ಬಾಯಿಯವರೆಗೆ ಹೋಯಿತು.

ಆದರೆ ಲಾರಿಯ ಗೀರನ್ನೇ ಮುಚ್ಚಿಡಲಾಗದವನು ಇದನ್ನು ಹೇಗೆ ಮುಚ್ಚಿಟ್ಟಾನು? ಮೊಣಕಾಲ ಮೇಲೆ ತೆವಳಿ ಲಿಂಗಣ್ಣನ ಎದುರಿಗೆ ಬಂದು ಕೂತ. ಅವನು ನೋಡುತ್ತಿದ್ದಂತೆಯೇ ಎರಡು ಕೈಯಿಂದ ದವಡೆ ಹಿಡಿದು ಬಾಯಿ ತೆರೆದು, ಕರಡಿಗೆಯನ್ನು ಅಂಗೈಗೆ ಇಳಿಸಿದ. ಹಲ್ಲಿನ ಜಾಗದಲ್ಲಿ ಬೆಳ್ಳಿ ತಗ್ಗಾಗಿತ್ತು. ತುಟಿ ಒಡೆದು ರಕ್ತ ಬಂದಿತ್ತು.

"ಕೈ ಖಾಲಿ ಇರ್ಲಿಲ್ಲ ಲಿಂಗಣ್ಣ," ಅಂದ. "ಬಾಯಾಗಿಟ್ಕಂಡೆ. ಮೀನು ತಿಂದ ಬಾಯಿ. ತಪ್ಪು ನಂದೇ. ಎಲ್ಲಾ ತಪ್ಪೂ ನಂದೇ."

ಲಿಂಗಣ್ಣ ಕರಡಿಗೆ ನೋಡಿದ. ಚೌಡಣ್ಣನ ತುಟಿ ನೋಡಿದ. ಆಮೇಲೆ ಬಲಗೈಯಿಂದ ಕರಡಿಗೆ ಎತ್ತಿಕೊಂಡು, ಅದುಮಿ ಮುಚ್ಚಳ ತೆರೆದು, ಒಳಗಿನದು ಸರಿಯಾಗಿದೆಯೆಂದು ಕಂಡು ಎಡ ಅಂಗೈಯಲ್ಲಿಟ್ಟುಕೊಂಡ.

"ಆ ನೀರು ತಾ," ಅಂದ.

ಚೌಡಣ್ಣ ಎದ್ದು ಹೋಗಿ ಕ್ಯಾನ್ ತಂದ. ಮರಳಿನ ಮೇಲೆ ಬಿದ್ದರೂ ಮುಚ್ಚಳ ಬಿಗಿಯಾಗಿದ್ದರಿಂದ ನೀರು ಹಾಗೇ ಇತ್ತು. ತೊಳೆಯುತ್ತಾನೆ, ಎಷ್ಟು ಸಲ ತೊಳೆದರೆ ಆ ಬಾಯಿಯ ಎಂಜಲು ಹೋಗುತ್ತದೋ ಎಂದುಕೊಂಡು, ಮುಚ್ಚಳ ತೆಗೆದು ಮುಂದೆ ಇಟ್ಟು ದೂರ ಸರಿದು ನಿಂತ.

"ನೀನು ಕುಡಿ ಮೊದ್ಲು."

"ಪೂಜೆಗೆ ತಂದಿದ್ದು ಕಣಪ್ಪ."

"ಹೊಟ್ಟೆ ತುಂಬ ಉಪ್ಪು ಕುಡ್ದಿದೀಯ. ಕುಡಿ ಅಂದೆ."

ಚೌಡಣ್ಣ ರೂಢಿಯಂತೆ ಕ್ಯಾನನ್ನು ಮೇಲೆತ್ತಿ ಬಾಯಿಗೆ ಸುರಿದುಕೊಳ್ಳಲು ಹೋದ. ತುಂಬಿದ ಕ್ಯಾನ್ ವಾಲಿ ನೀರು ಮೂಗಿನ ಮೇಲೆ, ಕಣ್ಣಿನ ಮೇಲೆ ಬಿತ್ತು.

"ಕಚ್ಕೊಂಡು ಕುಡಿಯೋ," ಅಂದ ಲಿಂಗಣ್ಣ.

ಚೌಡಣ್ಣ ಕ್ಯಾನಿನ ಬಾಯಿಗೆ ಬಾಯಿಟ್ಟು ಕುಡಿದ. ಕುಡಿಯುತ್ತ ಅಳು ಬಂತು, ಅಳುತ್ತಲೇ ಕುಡಿದ. ಉಳಿದ ನೀರನ್ನು ಲಿಂಗಣ್ಣ ಅದೇ ಕ್ಯಾನಿನಿಂದ ಅಂಗೈಯ ಲಿಂಗದ ಮೇಲೆ ಹಾಕಿ, ಕಣ್ಣು ಮುಚ್ಚಿ, ದಿನದ ಪೂಜೆಯನ್ನು ದಿನದಷ್ಟೇ ಹೊತ್ತು ಮಾಡಿದ. ಗಂಗುಲಮ್ಮ ಕಳಿಸಿದ್ದ ದೋಣಿ ಆಗ ಬಂತು. ಇಬ್ಬರನ್ನೂ ನೋಡಿ ದೋಣಿಯವರು ದೂರದಲ್ಲೇ ನಿಂತರು.

ಕಟ್ಟಿಕೊಳ್ಳಲು ದಾರವಿರಲಿಲ್ಲ. ಚೌಡಣ್ಣ ದೋಣಿಯವರಿಂದ ಎರಡು ಮೊಳ ಬಲೆಯ ಹುರಿ ಕೇಳಿ ತಂದು ಕೊಟ್ಟ. ಲಿಂಗಣ್ಣ ಅದನ್ನು ಕರಡಿಗೆಗೆ ಪೋಣಿಸಿ ಎದೆಯ ಮೇಲಿಟ್ಟು, ಎರಡು ತುದಿಯನ್ನೂ ಕತ್ತಿನ ಹಿಂದಕ್ಕೆ ತಂದು, "ನಂಗೆ ಕೈ ಎಟುಕಲ್ಲ. ನೀನೇ ಕಟ್ಟು," ಅಂದ. ಚೌಡಣ್ಣನಿಗೆ ಬಿಚ್ಚದ ಗಂಟು ಗೊತ್ತಿದ್ದದ್ದು ಒಂದೇ, ಗಾಳಕ್ಕೆ ಹಾಕುವುದು. ಅದನ್ನೇ ಹಾಕಿದ.

ಮರುದಿನ ಸಂಜೆ ಹಿಂದೂಪುರದಲ್ಲಿ ಲಾರಿ ನಿಂತಾಗ ಸರ್ವಮಂಗಳಮ್ಮ ಜಗಲಿಯ ಮೇಲೇ ಇದ್ದರು. ದಾರಿಯುದ್ದಕ್ಕೂ ಲಿಂಗಣ್ಣ, ನೀನೇನೂ ಬಾಯಿ ಬಿಡಬೇಡ, ನಾನು ನಿಧಾನವಾಗಿ ಹೇಳುತ್ತೇನೆ ಎಂದು ಹತ್ತು ಸಲ ಹೇಳಿದ್ದ. ಚೌಡಣ್ಣ ಹತ್ತು ಸಲವೂ ಹೂಂಗುಟ್ಟಿದ್ದ. ಲಾರಿಯಿಂದ ಇಳಿದವನೇ ನೇರ ಆಕೆಯ ಮುಂದೆ ಹೋಗಿ ನಿಂತ.

"ಮೊಣ್ಕಾಲು ನೆನೀತು ಅಮ್ಮ. ಕತ್ತಿನಗಂಟ ನೆನೀತು," ಎಂದು ಶುರು ಮಾಡಿ, ಕಡ್ಡಿ, ಗಾಳ, ಪುಲುಸು, ಬಾಯಿ, ಒಂದನ್ನೂ ಬಿಡದೆ ಒಪ್ಪಿಸಿದ. ಲಿಂಗಣ್ಣ ಊರುಗೋಲಿಲ್ಲದೆ ಲಾರಿಯ ಬಾಗಿಲಿಗೆ ಒರಗಿ, ತಲೆ ತಗ್ಗಿಸಿ ನಿಂತಿದ್ದ. ಸರ್ವಮಂಗಳಮ್ಮ ಪೂರ್ತಿ ಕೇಳಿ ಒಳಗೆ ಹೋದರು. ಚೌಡಣ್ಣ ಲಾರಿಯ ಕೀ ತೆಗೆದು ಜಗಲಿಯ ಮೇಲಿಟ್ಟ. ಇನ್ನು ಅದು ತನ್ನ ಕೈಗೆ ಬರುವುದಿಲ್ಲ ಎಂದು ಅವನಿಗೆ ಖಾತ್ರಿಯಾಗಿತ್ತು.

ಆಕೆ ಹೊರಗೆ ಬಂದಾಗ ಕೈಯಲ್ಲಿ ಹೊಸ ರೇಷ್ಮೆಯ ಶಿವದಾರವಿತ್ತು. ಗಂಡನ ಹಿಂದೆ ಹೋಗಿ ಅಂಗಿಯ ಕಾಲರ್ ಸರಿಸಿ ಆ ಬಲೆಯ ಹುರಿ ನೋಡಿದರು. ಗಂಟಿಗೆ ಬೆರಳು ಹಾಕಿ ಒಮ್ಮೆ ಜಗ್ಗಿದರು. ಅಲ್ಲಾಡಲಿಲ್ಲ. ಇನ್ನೊಮ್ಮೆ ಜೋರಾಗಿ ಜಗ್ಗಿದರು.

"ಗಟ್ಟಿಗೈತೆ. ಇರ್ಲಿ ಬುಡಿ," ಎಂದು ಕಾಲರ್ ಸರಿಮಾಡಿ, ರೇಷ್ಮೆ ದಾರವನ್ನು ಸೆರಗಿಗೆ ಕಟ್ಟಿಕೊಂಡರು. ಜಗಲಿಯ ಮೇಲಿದ್ದ ಕೀಯನ್ನು ಎತ್ತಿ ಚೌಡಣ್ಣನ ಕೈಗೆ ಕೊಟ್ಟರು.